900-20 ತೆಗೆದು 1000-20 ಟೈರ್ ಹಾಕಿದ ಮೇಲೆ ಆವರೇಜ್ ಬಿತ್ತು. ಮೀಟರ್ ತಪ್ಪಾ, ಡೀಸೆಲ್ ಹೋಗ್ತಿದೆಯಾ?

ಒಂದು ಲಾರಿ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಒಂದೇ ಲಾರಿ. ಆರು ಚಕ್ರದ್ದು, 2010ರ ಮಾಡೆಲ್, ಕೇಬಲ್ ಮೀಟರ್. ಸೀಸನ್‌ನಲ್ಲಿ ಎಪಿಎಂಸಿಯಿಂದ ಮೆಕ್ಕೆಜೋಳ ಎತ್ತುತ್ತೇವೆ. ಉಳಿದ ದಿನ ಒಬ್ಬ ಪಾರ್ಟಿಯ ಮಾಲು ಬೆಂಗಳೂರಿಗೆ ಹೋಗುತ್ತದೆ, ವಾರಕ್ಕೆ ಎರಡು ಟ್ರಿಪ್. ನಾನು ಓಡಿಸುವುದಿಲ್ಲ. ಡ್ರೈವರ್ ನಮ್ಮ ಜೊತೆ ಹನ್ನೊಂದು ವರ್ಷದಿಂದ ಇದ್ದಾರೆ. ನನಗಿಂತ ದೊಡ್ಡವರು, ಅಣ್ಣ ಅಂತಲೇ ಕರೆಯುವುದು.

ಹೋದ ತಿಂಗಳು ಆರೂ ಟೈರ್ ಬದಲಾಯಿಸಿದೆ. ಮೊದಲು ಇದ್ದದ್ದು 900-20. ಪೂರ್ತಿ ಸವೆದಿದ್ದವು. ಪರಿಚಯದವರೊಬ್ಬರು 1000-20 ರೇಡಿಯಲ್ ಸೆಟ್ಟು ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ಸಮೇತ ಒಳ್ಳೇ ರೇಟಿಗೆ ಕೊಟ್ಟರು, ಹೊಸ ಟೈರ್. ಹಾಕಿಸಿದೆ. ಸ್ಟೆಪ್ನಿ ಮಾತ್ರ ಹಳೇ 900-20 ಹಾಗೇ ಇದೆ.

ಈಗ ತಲೆನೋವು ಶುರುವಾಗಿದೆ. ಬೆಂಗಳೂರಿಗೆ ಹೋಗಿ ಬಂದರೆ ಮೀಟರ್‌ನಲ್ಲಿ ಮೊದಲು 533, 534 ಕಿಲೋಮೀಟರ್ ತೋರಿಸುತ್ತಿತ್ತು. ಈಗ ಮೂರು ಟ್ರಿಪ್ ನೋಡಿದೆ: 503, 502, 503. ಮನೆ ಹತ್ತಿರದ ಒಂದೇ ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸುತ್ತೇನೆ. ಮೊದಲೂ 101 ಲೀಟರ್ ಹಿಡಿಯುತ್ತಿತ್ತು, ಈಗಲೂ 101. ಲೆಕ್ಕ ಹಾಕಿದರೆ ಆವರೇಜ್ 5.3 ಇದ್ದದ್ದು 5ಕ್ಕೆ ಇಳಿದಿದೆ. ಹೊಸ ಟೈರ್ ಹಾಕಿದರೆ ಆವರೇಜ್ ಬೀಳಬೇಕಾ?

ಇನ್ನೊಂದು ವಿಷಯ ಇದೆ. ಅಣ್ಣ ಈಗ ಬೆಂಗಳೂರಿಗೆ ಕಾಲು ಗಂಟೆ ಬೇಗ ತಲುಪುತ್ತಿದ್ದಾರೆ. ಜೋರಾಗಿ ಓಡಿಸ್ತಿದ್ದೀರಾ ಅಂತ ಕೇಳಿದರೆ, ಮುಳ್ಳು 60 ದಾಟಿಲ್ಲ ಅಂತಾರೆ. ಕಿಲೋಮೀಟರ್ ಕಡಿಮೆ, ಟೈಮೂ ಕಡಿಮೆ, ಡೀಸೆಲ್ ಮಾತ್ರ ಅಷ್ಟೇ. ಮನೆಯಲ್ಲಿ ಒಂದೇ ಮಾತು, ದಾರಿಯಲ್ಲಿ ಡೀಸೆಲ್ ತೆಗೆಯುತ್ತಿದ್ದಾರೆ ಅಂತ. ನನಗೆ ನಂಬಿಕೆ ಬರುತ್ತಿಲ್ಲ. ಆದರೂ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿದೆ. ಅವರನ್ನು ಒಂದು ಮಾತು ಕೇಳಿಬಿಟ್ಟರೆ ಹನ್ನೊಂದು ವರ್ಷದ ಸಂಬಂಧ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಮೊದಲು ಇಲ್ಲಿ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಹಿರಿಯೂರು ಹಳೇ ಡ್ರೈವರ್:

ತಮ್ಮಾ, ಮೊದಲು ನಿನ್ನ ಪೋಸ್ಟನ್ನೇ ಇನ್ನೊಂದು ಸಲ ಓದು. ಅದೇ ರೋಡು, ಅದೇ ಊರು, ಅದೇ ಮಾಲು. ಡೀಸೆಲ್ ಮೊದಲೂ 101, ಈಗಲೂ 101. ಡೀಸೆಲ್ ತೆಗೆದಿದ್ದರೆ ಆ 101 ಜಾಸ್ತಿ ಆಗಬೇಕಿತ್ತು ಅಲ್ವಾ? ಬದಲಾಗಿರುವುದು ಮೀಟರ್ ತೋರಿಸುವ ಕಿಲೋಮೀಟರ್ ಒಂದೇ. ಬೆಂಗಳೂರು ಏನು 15 ಕಿಲೋಮೀಟರ್ ಹತ್ತಿರ ಬಂತಾ?

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಇದೇ ಲೆಕ್ಕಕ್ಕೆ ಒಮ್ಮೆ ನನ್ನ ಮೇಲೂ ಅನುಮಾನ ಬಂದಿತ್ತು. ಆ ಮಾಲೀಕರು ಯಾರನ್ನೂ ವಿಚಾರಿಸಲಿಲ್ಲ, ನೇರ ನನ್ನನ್ನೇ ಕೇಳಿದರು. ಮಾರನೇ ದಿನ ನಾನು ಬೀಗದ ಕೈ ಕೊಟ್ಟು ಬಂದೆ. ನೀನು ಕೇಳುವ ಮೊದಲು ಇಲ್ಲಿ ಬರೆದೆಯಲ್ಲ, ಒಳ್ಳೇದು ಮಾಡಿದೆ. ಟೈರ್ ಲೆಕ್ಕ ತಿಳಿದವರು ಬಿಡಿಸಿ ಹೇಳುತ್ತಾರೆ, ಕಾಯಿ.

ದುರ್ಗದ ಟೈರ್ ಅಂಗಡಿ:

ಹಿರಿಯರು ಹೇಳಿದ್ದು ಸರಿ. ಇದು ಪೂರ್ತಿ ಟೈರಿನ ಆಟ. ನಾನು ಚಿತ್ರದುರ್ಗದಲ್ಲಿ ದಿನಾ ಇದೇ ಕೆಲಸ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಲಾರಿ ಮೀಟರ್‌ಗೆ ರಸ್ತೆ ಕಾಣುವುದಿಲ್ಲ. ಗೇರ್‌ಬಾಕ್ಸ್ ಹಿಂದಿನ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅನ್ನುವುದನ್ನಷ್ಟೇ ಅದು ಎಣಿಸುತ್ತದೆ. ಇಷ್ಟು ಸುತ್ತಿಗೆ ಒಂದು ಕಿಲೋಮೀಟರ್ ಅಂತ ಕಂಪನಿಯವರು ಮೊದಲೇ ಗೊತ್ತು ಮಾಡಿರುತ್ತಾರೆ, ಅವರು ಹಾಕಿಕೊಟ್ಟ ಟೈರ್ ಸೈಜಿಗೆ ತಕ್ಕಂತೆ.

ಹೊಸ 900-20 ರೇಡಿಯಲ್ ಎತ್ತರ ಸುಮಾರು 1019 ಮಿಲಿಮೀಟರ್. ಹೊಸ 1000-20 ಸುಮಾರು 1054. ಕಂಪನಿಯಿಂದ ಕಂಪನಿಗೆ ಐದಾರು ಮಿಲಿಮೀಟರ್ ಹೆಚ್ಚು ಕಡಿಮೆ ಇರುತ್ತದೆ. ನಿಮ್ಮ ಹಳೇ ಟೈರ್ ಪೂರ್ತಿ ಸವೆದಿತ್ತು ಅಂದಿರಿ. ಸುತ್ತಲೂ 12, 13 ಮಿಲಿಮೀಟರ್ ರಬ್ಬರ್ ಹೋಗಿದ್ದರೆ ಎತ್ತರದಲ್ಲಿ 25 ಮಿಲಿಮೀಟರ್ ಹೋಯಿತು. ಅಂದರೆ ನಿಮ್ಮ ಸವೆದ ಟೈರ್ 994 ಇತ್ತು ಅಂದುಕೊಳ್ಳಿ.

ಈಗ ಸುತ್ತಿನ ಲೆಕ್ಕಕ್ಕೆ ಬರೋಣ. ರೇಡಿಯಲ್ ಟೈರ್ ಒಂದು ಸುತ್ತಿಗೆ ಅದರ ಎತ್ತರದ 3.05 ಪಟ್ಟು ದೂರ ಹೋಗುತ್ತದೆ. 3.14 ಅಲ್ವಾ ಅಂತ ಕೇಳಬೇಡಿ. ಲೋಡಿಗೆ ಟೈರ್ ಕೆಳಗೆ ಸ್ವಲ್ಪ ಕೂರುತ್ತದೆ, ಅದಕ್ಕೆ ಅಷ್ಟು ಕಡಿಮೆ. ಹೀಗೆ ಲೆಕ್ಕ ಹಾಕಿದರೆ ಹೊಸ 900-20 ಒಂದು ಕಿಲೋಮೀಟರ್‌ಗೆ 322 ಸುತ್ತು ತಿರುಗುತ್ತದೆ. ನಿಮ್ಮ ಸವೆದ ಟೈರ್ 330 ಸುತ್ತು ತಿರುಗುತ್ತಿತ್ತು. ಈಗಿನ 1000-20ಕ್ಕೆ 311 ಸುತ್ತು ಸಾಕು. ಮೀಟರ್ ಮಾತ್ರ ಇವತ್ತಿಗೂ 322 ಸುತ್ತಾದರೆ ಒಂದು ಕಿಲೋಮೀಟರ್ ಅಂತಲೇ ನಂಬಿಕೊಂಡಿದೆ.

ಹೋಗಿ ಬರುವ ದಾರಿ ನಿಜವಾಗಿ 520 ಕಿಲೋಮೀಟರ್ ಅಂತಿಟ್ಟುಕೊಂಡು ನೋಡಿ. ಸವೆದ ಟೈರಿನಲ್ಲಿ ಮೀಟರ್ 533 ತೋರಿಸಬೇಕು. ಹೊಸ 1000-20ರಲ್ಲಿ 503 ತೋರಿಸಬೇಕು. ನೀವು ಬರೆದಿರುವ ನಂಬರ್ ಎರಡೂ ಹಾಗೇ ಕೂತಿವೆ. ಇಷ್ಟು ಕರಾರುವಾಕ್ಕಾಗಿ ಕೂತಿದ್ದು ನೋಡಿ ನನಗೇ ಖುಷಿಯಾಯಿತು.

ನಿಮ್ಮ ನಿಜವಾದ ಆವರೇಜ್ 520 ಭಾಗ 101, ಅಂದರೆ 5.15. ಮೊದಲೂ ಅಷ್ಟೇ, ಈಗಲೂ ಅಷ್ಟೇ. 5.3 ಇದ್ದದ್ದೂ ಸುಳ್ಳು, 5 ಅನ್ನುವುದೂ ಸುಳ್ಳು. ಬಹಳ ಜನ ಸೈಜ್ ಬದಲಾದರೆ ಮಾತ್ರ ಮೀಟರ್ ತಪ್ಪುತ್ತದೆ ಅಂದುಕೊಂಡಿದ್ದಾರೆ. ಒಂದೇ ಸೈಜಿನ ಟೈರ್ ಹೊಸದರಿಂದ ಸವೆದು ಹೋಗುವಷ್ಟರಲ್ಲೇ ನೂರಕ್ಕೆ ಎರಡೂವರೆ ವ್ಯತ್ಯಾಸ ಬಂದುಬಿಡುತ್ತದೆ. ನಿಮಗೆ ಸೈಜಿನದು ಮೂರೂವರೆ, ಸವೆತದ್ದು ಎರಡೂವರೆ, ಎರಡೂ ಒಟ್ಟಿಗೆ ಸೇರಿ ನೂರಕ್ಕೆ ಆರು ಆಗಿದೆ.

ಈಗ ನಾನು ಹೇಳಲೇಬೇಕಾದ ಎರಡು ಮಾತು. ಮೀಟರಿಗಿಂತ ಇವು ಮುಖ್ಯ.

ಆ ಹಳೇ 900-20 ಸ್ಟೆಪ್ನಿಯನ್ನು ಹಿಂದಿನ ಜೋಡಿ ಟೈರಿಗೆ ಯಾವ ಕಾರಣಕ್ಕೂ ಹಾಕಬೇಡಿ. ಜೋಡಿಯಲ್ಲಿ ಒಂದು ಎತ್ತರ, ಒಂದು ಗಿಡ್ಡ ಆದರೆ ಭಾರವೆಲ್ಲ ಎತ್ತರದ್ದರ ಮೇಲೆ ಬೀಳುತ್ತದೆ. ಅದು ಕಾದು ಸಿಡಿಯುತ್ತದೆ. ಗಿಡ್ಡದ್ದು ಸುಮ್ನೆ ಉಜ್ಜಿಕೊಂಡು ಬರುತ್ತದೆ. ಮುಂದೆ ಹಾಕಿದರೆ ಸ್ಟೇರಿಂಗ್ ಎಳೆಯುತ್ತದೆ. ಈ ವಾರವೇ ಒಂದು 1000-20 ಸ್ಟೆಪ್ನಿ ಮಾಡಿಸಿ.

ಎರಡನೇದು, 1000-20 ಅಗಲದಲ್ಲೂ ದೊಡ್ಡದು. ಫುಲ್ ಲೋಡ್ ಹಾಕಿ ನಿಲ್ಲಿಸಿ, ಜೋಡಿ ಟೈರ್ ನಡುವೆ ಕೆಳಗಡೆ ಗ್ಯಾಪ್ ಇದೆಯಾ, ಸ್ಪ್ರಿಂಗ್ ಪಟ್ಟಾಗೆ ತಾಗುತ್ತಾ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನದು ಎಲ್ಲಾದರೂ ಉಜ್ಜುತ್ತಾ ನೋಡಿ. ಜೋಡಿ ಟೈರ್ ಒಂದಕ್ಕೊಂದು ಮುತ್ತಿಡುತ್ತಿದ್ದರೆ ಹಾಗೇ ಓಡಿಸಬೇಡಿ. ಮೀಟರ್ ತಪ್ಪಿದರೆ ದುಡ್ಡು ಹೋಗುತ್ತದೆ. ಇದರಲ್ಲಿ ಜೀವ ಹೋಗುತ್ತದೆ.

ಒಂದು ಲಾರಿ ದಾವಣಗೆರೆ:

ಸರ್, ಅಣ್ಣಾರೆ, ಇಬ್ಬರಿಗೂ ಕೈ ಮುಗಿದೆ. 101 ಲೀಟರ್ ನಾನೇ ಬರೆದಿದ್ದೆ, ನನಗೇ ಹೊಳೆದಿರಲಿಲ್ಲ.

ಸ್ಟೆಪ್ನಿಗೆ ಇವತ್ತೇ ಹೇಳಿದ್ದೇನೆ. ಲೋಡ್ ಹಾಕಿ ಗ್ಯಾಪ್ ನೋಡಿದೆವು, ಎರಡು ಬೆರಳು ಆರಾಮಾಗಿ ಹೋಗುತ್ತದೆ. ಎಲ್ಲೂ ಉಜ್ಜುತ್ತಿಲ್ಲ.

ನಿನ್ನೆ ಬೆಳಿಗ್ಗೆ ನಾನೇ ಲಾರಿಯಲ್ಲಿ ಕೂತು ಹೋದೆ. ಆನಗೋಡು ದಾಟಿದ ಮೇಲೆ ಹೈವೇ ಕಿಲೋಮೀಟರ್ ಕಲ್ಲು ನೋಡಿಕೊಂಡು 20 ಕಿಲೋಮೀಟರ್ ಲೆಕ್ಕ ಹಾಕಿದೆ. ಮೀಟರ್‌ನಲ್ಲಿ ಬಂದದ್ದು 19.3ಕ್ಕೂ 19.4ಕ್ಕೂ ನಡುವೆ. ಟೈರ್ ಅಂಗಡಿ ಸರ್ ಹೇಳಿದ ಹಾಗೇ ಬಂತು.

ಆಮೇಲೆ ಸ್ಪೀಡ್ ನೋಡಿದೆವು. ಭರಮಸಾಗರದ ಹತ್ತಿರ ರೋಡ್ ಸಮ ಇದೆ. ಅಣ್ಣ ಮುಳ್ಳನ್ನು 60ಕ್ಕೆ ಹಿಡಿದರು, ಕಲ್ಲಿನಿಂದ ಕಲ್ಲಿಗೆ ಕ್ಲೀನರ್ ಹುಡುಗ ಮೊಬೈಲ್‌ನಲ್ಲಿ ಟೈಮ್ ಹಿಡಿದ. 5 ಕಿಲೋಮೀಟರ್‌ಗೆ 305 ಸೆಕೆಂಡ್. ಒಂದು ಕಿಲೋಮೀಟರ್‌ಗೆ 61 ಸೆಕೆಂಡ್, ಅಂದರೆ ಗಂಟೆಗೆ 59. ಇಲ್ಲೇ ನನಗೆ ಅರ್ಥವಾಗದ್ದು. ಕಿಲೋಮೀಟರ್ ಕಡಿಮೆ ತೋರಿಸುತ್ತದೆ ಅಂದರೆ ಸ್ಪೀಡೂ ಕಡಿಮೆ ತೋರಿಸಬೇಕಲ್ಲ? ಮುಳ್ಳು 60 ಇದ್ದಾಗ ಲಾರಿ 62 ಓಡಬೇಕಿತ್ತು. 59 ಹೇಗೆ ಬಂತು? ಒಂದೇ ಕೇಬಲ್, ಒಂದೇ ಮೀಟರ್. ಒಂದು ತಪ್ಪು, ಒಂದು ಸರಿ ಹೇಗೆ?

ಮೀಟರ್ ಕೆಲಸ, ಪಿ.ಬಿ. ರೋಡ್:

ಯಜಮಾನ್ರೇ, ಒಳ್ಳೇ ಪ್ರಶ್ನೆ. ಮೀಟರ್ ಬಿಚ್ಚಿ ನೋಡಿದವರಿಗೆ ಮಾತ್ರ ಇದು ಬೇಗ ತಿಳಿಯುತ್ತದೆ.

ಕೇಬಲ್ ಒಂದೇ. ಆದರೆ ಒಳಗೆ ಅದು ಎರಡು ಬೇರೆ ಕೆಲಸ ಮಾಡುತ್ತದೆ. ಕಿಲೋಮೀಟರ್ ನಂಬರ್ ತಿರುಗುವುದು ಹಲ್ಲಿನ ಚಕ್ರಗಳಿಂದ. ಇಷ್ಟು ಸುತ್ತಿಗೆ ಇಷ್ಟೇ ನಂಬರ್. ಅದು ಜಾರುವುದಿಲ್ಲ, ಹೆಚ್ಚು ಕಡಿಮೆ ಆಗುವುದಿಲ್ಲ. ಮುಳ್ಳಿನ ಕಥೆ ಬೇರೆ. ಕೇಬಲ್ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು. ಅಯಸ್ಕಾಂತಕ್ಕೂ ಬಟ್ಟಲಿಗೂ ಎಲ್ಲೂ ತಾಗುವುದಿಲ್ಲ. ತಿರುಗುವ ಅಯಸ್ಕಾಂತ ಬಟ್ಟಲನ್ನು ಎಳೆಯುತ್ತದೆ, ಕೂದಲಿನಂಥ ಒಂದು ಸ್ಪ್ರಿಂಗ್ ಹಿಂದಕ್ಕೆ ಹಿಡಿಯುತ್ತದೆ. ಆ ಎಳೆದಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ.

ಆ ಮುಳ್ಳನ್ನು ಕಂಪನಿಯವರು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವಂತೆ ಕೂರಿಸುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 39 ಅಂತ ಇದೆ. ಅದರ ಪ್ರಕಾರ ಸ್ಪೀಡೋಮೀಟರ್ ನಿಜವಾದ ಸ್ಪೀಡಿಗಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ನೂರಕ್ಕೆ ಹತ್ತರಷ್ಟು ಮತ್ತೆ ಮೇಲೆ 4 ಕಿಲೋಮೀಟರ್‌ವರೆಗೆ. ನಿಜವಾಗಿ 60 ಓಡುವಾಗ ಮುಳ್ಳು 70 ತೋರಿಸಿದರೂ ಆ ಲೆಕ್ಕದಲ್ಲಿ ಪಾಸ್.

ನಿಮ್ಮ ಲಾರಿಗೆ ಇದನ್ನು ಹಾಕಿ ನೋಡಿ. ಈಗ ಮುಳ್ಳು 60 ಇದ್ದಾಗ 59 ಓಡುತ್ತಿದೆ. ಹೊಸ 900-20 ಇದ್ದ ಕಾಲದಲ್ಲಿ ಅದೇ 60ಕ್ಕೆ 57 ಓಡುತ್ತಿತ್ತು. ಟೈರ್ ಸವೆದ ಮೇಲೆ ಐವತ್ತೈದೂವರೆ. ಅಂದರೆ ದೊಡ್ಡ ಟೈರ್ ಬಂದು ನಿಮ್ಮ ಸ್ಪೀಡ್ ಮುಳ್ಳು ಹೆಚ್ಚು ಕಡಿಮೆ ಸರಿಹೋಯಿತು, ಕಿಲೋಮೀಟರ್ ತಪ್ಪಿತು. ಸ್ಪೀಡ್ ಸರಿ ಇದೆ ಅಂತ ಮೊಬೈಲ್ ಜಿಪಿಎಸ್ ನೋಡಿ, ಕಿಲೋಮೀಟರೂ ಸರಿ ಅಂತ ತಿಳಿದವರು ಎಷ್ಟೋ ಜನ. ಎರಡನ್ನೂ ಬೇರೆ ಬೇರೆಯಾಗೇ ಪರೀಕ್ಷೆ ಮಾಡಬೇಕು.

ನಿಮ್ಮ ಡ್ರೈವರ್ ಕಾಲು ಗಂಟೆ ಬೇಗ ತಲುಪುವ ಗುಟ್ಟೂ ಇದೇ. ಮೊದಲು ಮುಳ್ಳು 60ರಲ್ಲಿದ್ದರೂ ಲಾರಿ ಐವತ್ತೈದೂವರೆಯಲ್ಲಿ ಹೋಗುತ್ತಿತ್ತು. ಈಗ 59. 260 ಕಿಲೋಮೀಟರ್‌ಗೆ ಹದಿನಾರು ನಿಮಿಷ ಉಳಿಯುತ್ತದೆ. ಅವರು 60 ದಾಟಿಲ್ಲ ಅಂದದ್ದು ನಿಜ.

ಸ್ಪೀಡ್ ಗವರ್ನರ್ ಹಾಕಿಸಿದ್ದರೆ ಒಂದು ವಿಷಯ ಗಮನದಲ್ಲಿರಲಿ. 2015ರ ನಿಯಮದ ಪ್ರಕಾರ ನಿಮ್ಮಂಥ ಲಾರಿಗೆ 80ಕ್ಕೆ ಸೆಟ್ ಮಾಡಿರುತ್ತಾರೆ. ಅದೂ ಗೇರ್‌ಬಾಕ್ಸ್ ಕಡೆಯಿಂದಲೇ ಲೆಕ್ಕ ತೆಗೆದುಕೊಳ್ಳುವಂಥದ್ದಾದರೆ, ಈಗ ಸುಮಾರು 83ರಲ್ಲಿ ಕಟ್ ಆಗುತ್ತದೆ. ಲೋಡ್ ಲಾರಿ ಅಲ್ಲಿಗೆ ಹೋಗಬಾರದು. ಖಾಲಿ ಬರುವಾಗ ಹುಷಾರು.

ಸರಿ ಮಾಡುವುದು ಹೇಗೆ ಅಂದರೆ, ಕೇಬಲ್ ಮೀಟರ್‌ಗೆ ಗೇರ್‌ಬಾಕ್ಸ್‌ನಲ್ಲಿ ಒಂದು ಸಣ್ಣ ಪಿನಿಯನ್, ಅಂದರೆ ಹಲ್ಲಿನ ಚಕ್ರ, ಇರುತ್ತದೆ. ಹಲ್ಲು ಕಡಿಮೆ ಇರುವ ಪಿನಿಯನ್ ಹಾಕಿದರೆ ಕೇಬಲ್ ಜೋರಾಗಿ ತಿರುಗುತ್ತದೆ. ಆದರೆ 20 ಹಲ್ಲಿರುವಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ನೂರಕ್ಕೆ ಐದು ಏರುತ್ತದೆ. ನಿಮಗೆ ಬೇಕಾಗಿರುವುದು ಮೂರೂವರೆ. ಅಷ್ಟು ಖರ್ಚು ಮಾಡಿ ಆ ಕಡೆ ತಪ್ಪು ಮಾಡಿಕೊಂಡ ಹಾಗೆ. ನನ್ನ ಕೇಳಿದರೆ ಬೇಡ. ಮೀಟರ್ ನಂಬರನ್ನು 1.034ರಿಂದ (520 ಭಾಗ 503) ಗುಣಿಸಿಕೊಳ್ಳಿ, ಮುಗಿಯಿತು. ನನಗೆ ಬರುವ ಕೆಲಸ ನಾನೇ ಬಿಡುತ್ತಿದ್ದೇನೆ, ಆದರೂ ನಿಜ ಹೇಳಬೇಕಲ್ಲ. ಹೊಸ ಬಿಎಸ್6 ಗಾಡಿಗಳಾದರೆ ಶೋರೂಮ್ ವರ್ಕ್‌ಶಾಪ್‌ನಲ್ಲಿ ಕಂಪ್ಯೂಟರ್ ಹಾಕಿ ಟೈರ್ ಸೈಜ್ ಬದಲಾಯಿಸಿ ಕೊಡುತ್ತಾರೆ. ಅಂಥವರು ಅದನ್ನೇ ಮಾಡಿಸಲಿ.

ಚಳ್ಳಕೆರೆ ಶೇಂಗಾ:

ಮಧ್ಯದಲ್ಲಿ ಒಂದು ಡೌಟು. ನಾನು ಮುಂದಿನ ಎರಡು ಟೈರ್ ಮಾತ್ರ ಹೊಸದು ಹಾಕಿದೆ. ಮೀಟರ್‌ನಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ನನ್ನ ಮೀಟರ್ ಕೆಟ್ಟಿದೆಯಾ?

ದುರ್ಗದ ಟೈರ್ ಅಂಗಡಿ:

ಕೆಟ್ಟಿಲ್ಲ ಅಣ್ಣ. ಲೆಕ್ಕ ಬರುವುದು ಗೇರ್‌ಬಾಕ್ಸ್‌ನಿಂದ, ಹೌಸಿಂಗ್ (ಹಿಂದಿನ ಆಕ್ಸಲ್) ಮೂಲಕ ತಿರುಗುವುದು ಹಿಂದಿನ ಚಕ್ರ. ಮುಂದಿನದು ಎಷ್ಟು ತಿರುಗಿದರೂ ಮೀಟರ್‌ಗೆ ಗೊತ್ತಾಗುವುದಿಲ್ಲ. ಹತ್ತು, ಹನ್ನೆರಡು ಚಕ್ರದ ಗಾಡಿಯಾದರೂ ಎಂಜಿನ್ ಎಳೆಯುವ ಚಕ್ರದ ಟೈರಷ್ಟೇ ಲೆಕ್ಕಕ್ಕೆ ಬರುತ್ತದೆ.

ದಾವಣಗೆರೆಯವರಿಗೆ ಇನ್ನೊಂದು ಮಾತು. ದೊಡ್ಡ ಟೈರ್ ಹಾಕಿದ್ದರಿಂದ ಎಳೆತ ಸ್ವಲ್ಪ ಕಡಿಮೆಯಾಗಿರುತ್ತದೆ. ಏರಿನಲ್ಲಿ ಅಣ್ಣ ಮೊದಲಿಗಿಂತ ಬೇಗ ಗೇರ್ ಇಳಿಸಿದರೆ ಬೈಯಬೇಡಿ. ಮತ್ತೆ ಈ 1.034 ಶಾಶ್ವತ ಅಲ್ಲ. ಈ ಟೈರ್ 10 ಮಿಲಿಮೀಟರ್ ಸವೆದರೆ ಅದು 1.015ರ ಹತ್ತಿರ ಬರುತ್ತದೆ. ಅರ್ಧ ಸವೆದಾಗ ಮತ್ತೊಮ್ಮೆ 20 ಕಿಲೋಮೀಟರ್ ಕಲ್ಲು ಎಣಿಸಿ. ರಿಸೋಲ್ (ಹಳೇ ಟೈರಿಗೆ ಹೊಸ ರಬ್ಬರ್) ಮಾಡಿಸಿದಾಗಲೂ ಹಾಗೇ.

ಒಂದು ಲಾರಿ ದಾವಣಗೆರೆ:

ಎಲ್ಲಾ ತಿಳಿಯಿತು. ಉಳಿದದ್ದು ಬಾಡಿಗೆ ಲೆಕ್ಕ. ಪಾರ್ಟಿ ಕಿಲೋಮೀಟರ್ ಮೇಲೆ ದುಡ್ಡು ಕೊಡುತ್ತಾರೆ. ಹೊರಡುವಾಗ ಒಂದು, ಬಂದಾಗ ಒಂದು ಮೀಟರ್ ಫೋಟೋ ಕಳಿಸಬೇಕು. ಒಂದು ಟ್ರಿಪ್‌ಗೆ 30 ಕಿಲೋಮೀಟರ್ ಹೋಯಿತು. ತಿಂಗಳಿಗೆ ಎಂಟು ಟ್ರಿಪ್ ಅಂದರೆ 240. ಅವರ ಹತ್ತಿರ ಈ 30 ಕೇಳಬಹುದಾ?

ಹಿರಿಯೂರು ಹಳೇ ಡ್ರೈವರ್:

ಮೂವತ್ತು ಕೇಳಬೇಡ ತಮ್ಮಾ. ನಿಜವಾದ ದಾರಿ 520. ಈಗ ಮೀಟರ್ 503 ತೋರಿಸುತ್ತದೆ, 17 ನಿನಗೆ ಬರಬೇಕು. ಅದನ್ನು ಧೈರ್ಯವಾಗಿ ಕೇಳು. ಉಳಿದ 13 ಸವೆದ ಟೈರ್ ಕೊಟ್ಟದ್ದು. ಅದು ಯಾವತ್ತೂ ನಿನ್ನದಾಗಿರಲಿಲ್ಲ. ಗೊತ್ತಿಲ್ಲದೆ ಬಂತು, ಅದಕ್ಕೆ ಯಾರೂ ನಿನ್ನನ್ನು ತಪ್ಪು ಅನ್ನುವುದಿಲ್ಲ. ಗೊತ್ತಾದ ಮೇಲೆ ಮತ್ತೆ ಕೇಳಿದರೆ ಅದು ಬೇರೆ ಆಗುತ್ತದೆ.

ಫೋಟೋ ಪದ್ಧತಿಯನ್ನೇ ಬಿಡಿಸು. ಪಾರ್ಟಿಯ ಒಬ್ಬರನ್ನು ಒಂದು ಸಲ ಲಾರಿಯಲ್ಲಿ ಕೂರಿಸಿಕೊಂಡು ಹೋಗು, ಇಲ್ಲ ಮ್ಯಾಪ್‌ನಲ್ಲಿ ಗೋಡೌನ್‌ನಿಂದ ಗೋಡೌನ್‌ಗೆ ದೂರ ತೋರಿಸು. ಟ್ರಿಪ್‌ಗೆ ಇಷ್ಟು ಅಂತ ಇಬ್ಬರೂ ಒಪ್ಪಿ ಬರೆದಿಡಿ. ಟೈರ್ ಹೊಸದಾಗಲಿ, ಹಳೇದಾಗಲಿ, ಆಮೇಲೆ ಜಗಳ ಇರುವುದಿಲ್ಲ.

ಒಂದು ಲಾರಿ ದಾವಣಗೆರೆ:

ನಿನ್ನೆ ಪಾರ್ಟಿ ಜೊತೆ ಮಾತಾಡಿದೆ. ಹಳೇ 533ರ ವಿಷಯವನ್ನೂ ಹೇಳಿದೆ. ಹೇಳದೆ 17 ಕೇಳುವುದಕ್ಕೆ ಮನಸ್ಸು ಬರಲಿಲ್ಲ. ಅವರು ಐದು ನಿಮಿಷ ಸುಮ್ಮನೆ ಕ್ಯಾಲ್ಕುಲೇಟರ್ ಒತ್ತಿದರು. ಆಮೇಲೆ ಹಿಂದಿನದು ಬಿಡಿ ಅಂದರು. ಈ ತಿಂಗಳಿಂದ ಟ್ರಿಪ್‌ಗೆ 520 ಅಂತ ಬರೆದುಕೊಂಡೆವು, ಫೋಟೋ ಬೇಡ.

ಆಯಿಲ್ ಚೇಂಜ್ ಲೆಕ್ಕಕ್ಕೆ ಇಷ್ಟು ವ್ಯತ್ಯಾಸ ದೊಡ್ಡದಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಮೀಟರ್‌ನಲ್ಲಿ 20,000 ಬಂದಾಗ ನಿಜವಾಗಿ ಓಡಿರುವುದು 20,680. ಐನೂರು, ಆರುನೂರು ಮೊದಲೇ ಮಾಡಿಸಿಬಿಡುತ್ತೇನೆ.

ಅಣ್ಣನಿಗೂ ಹೇಳಿದೆ. ಮನೆಯಲ್ಲಿ ಏನು ಮಾತು ಬಂದಿತ್ತು, ನನ್ನ ಮನಸ್ಸಿನಲ್ಲಿ ಏನು ಬಂದಿತ್ತು, ಎರಡನ್ನೂ. ಮುಚ್ಚಿಟ್ಟರೆ ನನಗೇ ನಿದ್ದೆ ಬರುತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, ಹೊಸ ಟೈರ್ ಹಾಕಿದ ಮೊದಲನೇ ಟ್ರಿಪ್‌ನಲ್ಲೇ ನನಗೆ ಗೊತ್ತಾಗಿತ್ತು, ಹೆಬ್ಬಾಳು ಟೋಲ್‌ನಿಂದ ಗುಯಿಲಾಳು ಟೋಲ್‌ಗೆ ಮೀಟರ್ ಮೊದಲಿಗಿಂತ ನಾಲ್ಕು ಕಿಲೋಮೀಟರ್ ಕಡಿಮೆ ತೋರಿಸಿತ್ತು, ಬಂದು ನಿಮಗೆ ಹೇಳಿದೆ, ನೀವು ಫೋನ್‌ನಲ್ಲಿದ್ದಿರಿ. ನೆನಪು ಮಾಡಿಕೊಂಡೆ. ಹೌದು, ಹೇಳಿದ್ದರು. ಆ ಹೊತ್ತಿಗೆ ನಾನು ಡಿಸ್ಕ್ ದುಡ್ಡಿನ ವಿಷಯ ಮಾತಾಡುತ್ತಿದ್ದೆ, ಹ್ಞೂಂ ಅಂದು ಬಿಟ್ಟಿದ್ದೆ.

ಈಗ ಡ್ಯಾಶ್‌ಬೋರ್ಡ್ ಮೇಲೆ ಬಿಳಿ ಪೇಂಟ್‌ನಲ್ಲಿ 1.034 ಅಂತ ಬರೆದಿದ್ದೇವೆ, ಕೆಳಗೆ ಟೈರ್ ಹಾಕಿದ ತಾರೀಖು. ಬರೆದದ್ದು ಅಣ್ಣನೇ. ಹೊಸ ಸ್ಟೆಪ್ನಿ ನಾಳೆ ಬರುತ್ತದೆ.